ಕೇಳುಗರನ್ನು ಕೇಳಿ ಕಟ್ಟುವ ಗೋಷ್ಠಿಗಳು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಉಣ್ಣುವವನ ಹಸಿವು ಉಣ್ಣುವವನಿಗೇ ಗೊತ್ತು. ಮನೆಗೆ ಬಂದ ಅತಿಥಿಗೆ ಬಡಿಸುವಾಗ ‘ಇನ್ನೇನು ಬೇಕು?’ ಎಂದು ಕೇಳುವ ಸಂಪ್ರದಾಯ ನಮ್ಮದು. ಆದರೆ ಸಭೆ, ಸಮ್ಮೇಳನಗಳ ವಿಷಯ ಬಂದಾಗ ಈ ಪದ್ಧತಿಯನ್ನು ನಾವು ಮರೆತಂತೆ ತೋರುತ್ತದೆ. ನಾಲ್ಕೈದು ಮಂದಿ ಹಿರಿಯರು ಒಂದೆಡೆ ಕುಳಿತು, ತಮಗೆ ತಿಳಿದ ವಿಷಯಗಳನ್ನೂ ತಮಗೆ ಪರಿಚಿತರಾದ ಉಪನ್ಯಾಸಕರನ್ನೂ ಗೊತ್ತುಪಡಿಸುತ್ತಾರೆ. ಆಹ್ವಾನ ಪತ್ರಿಕೆ ಅಚ್ಚಾಗಿ ಕೈಗೆ ಬಂದ ಮೇಲೆಯೇ ಯಾವ ಗೋಷ್ಠಿಯಲ್ಲಿ ಏನು ನಡೆಯುವುದೆಂದು ಸಭಿಕರಿಗೆ ತಿಳಿಯುತ್ತದೆ. ವ್ಯವಸ್ಥಾಪಕರ ಸದುದ್ದೇಶದಲ್ಲಿ ಸಂದೇಹವಿಲ್ಲ. ಆದರೆ ಬಂದು ಕುಳಿತವನಿಗೆ ಬೇಕಾಗಿದ್ದುದೇನು ಎಂಬುದನ್ನು ಯಾರೂ ಕೇಳಿರುವುದಿಲ್ಲ.

ಇಂದು ನಮ್ಮ ಅನೇಕ ಮನೆಗಳಲ್ಲಿ ಕಂಪ್ಯೂಟರ್ ತಂತ್ರಜ್ಞಾನವನ್ನು ವೃತ್ತಿಯಾಗಿ ಸ್ವೀಕರಿಸಿದ ಮಕ್ಕಳಿದ್ದಾರೆ. ‘ಒಂದು ತಂತ್ರಜ್ಞಾನ ಸಮ್ಮೇಳನಕ್ಕೆ ಹೋಗಿಬರುತ್ತೇನೆ’ ಎಂದು ಮಗನೋ ಮಗಳೋ ಹೇಳಿದರೆ, ಅದೊಂದು ವಿಹಾರವೆಂದು ಹಿರಿಯರು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಈ ಕ್ಷೇತ್ರದಲ್ಲಿ ಕಾಲೇಜಿನಲ್ಲಿ ಕಲಿತದ್ದು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಹೊಸದನ್ನು ಬಲ್ಲವರನ್ನು ಕಂಡು ಕೇಳುವುದು ಅನಿವಾರ್ಯ. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ರಾತ್ರಿ ಪ್ರಯಾಣ ಮಾಡಿ, ರಜೆ ಹಾಕಿ, ಶುಲ್ಕ ತೆತ್ತು ಬೆಂಗಳೂರಿಗೆ ಬರುವ ತರುಣ ಇಡೀ ದಿನ ತನಗೆ ಸಂಬಂಧಿಸದ ಉಪನ್ಯಾಸಗಳನ್ನು ಕೇಳಿ ಬರಿಗೈಯಲ್ಲಿ ಮರಳಿದರೆ, ಅದು ಅವನೊಬ್ಬನ ನಷ್ಟವಲ್ಲ. ಒಂದು ಕುಟುಂಬದ ಹಣ, ಸಮಯಗಳ ನಷ್ಟ. ಆದ್ದರಿಂದಲೇ ಗೋಷ್ಠಿಗಳನ್ನು ಯಾರು, ಯಾರನ್ನು ಕೇಳಿ ನಿರ್ಧರಿಸಬೇಕು ಎಂಬ ಪ್ರಶ್ನೆಯನ್ನು ತಂತ್ರಜ್ಞಾನ ಪ್ರಪಂಚ ಹಲವು ದಶಕಗಳಿಂದ ಚಿಂತಿಸುತ್ತ ಬಂದಿದೆ. ಆ ಚಿಂತನೆಯ ಕಥೆ ನಮಗೂ ಉಪಯುಕ್ತವಾದುದು.

ವಿರಾಮದ ವೇಳೆಯ ಪಾಠ

ಅಮೆರಿಕದ ಹ್ಯಾರಿಸನ್ ಓವೆನ್ ಎಂಬವರು 1983ರಲ್ಲಿ ಸಂಸ್ಥೆಗಳ ಪರಿವರ್ತನೆಯನ್ನು ಕುರಿತು ಒಂದು ಅಂತರರಾಷ್ಟ್ರೀಯ ಸಮ್ಮೇಳನವನ್ನು ಏರ್ಪಡಿಸಿದರು. ಅದರ ಸಿದ್ಧತೆಗೆ ಅವರು ವ್ಯಯಿಸಿದ್ದು ಸುಮಾರು ಒಂದು ವರ್ಷ. ಸಮ್ಮೇಳನ ಮುಗಿದ ಮೇಲೆ ಬಂದವರೆಲ್ಲರೂ ಒಪ್ಪಿಕೊಂಡ ಸಂಗತಿ ಸ್ವಾರಸ್ಯವಾಗಿತ್ತು: ಅತ್ಯಂತ ಪ್ರಯೋಜನಕರವಾದ ಮಾತುಕತೆ ನಡೆದದ್ದು ಕಾಫಿ ವಿರಾಮದ ಹೊತ್ತಿನಲ್ಲಿ! ವರ್ಷವಿಡೀ ಯೋಜಿಸಿದ ಗೋಷ್ಠಿಗಳಿಗಿಂತ, ಯಾರೂ ಯೋಜಿಸದ ವಿರಾಮವೇ ಹೆಚ್ಚು ಫಲ ಕೊಟ್ಟಿತ್ತು.

ಓವೆನ್ ಇದರಿಂದ ಬೇಸರಗೊಳ್ಳಲಿಲ್ಲ, ಪಾಠ ಕಲಿತರು. ಹಿಂದೆ ಪಶ್ಚಿಮ ಆಫ್ರಿಕದ ಲೈಬೀರಿಯಾದ ಹಳ್ಳಿಯೊಂದರಲ್ಲಿ ಅವರು ಹಲವು ದಿನಗಳ ಉತ್ಸವವನ್ನು ಕಂಡಿದ್ದರು. ಅಲ್ಲಿ ಸ್ವಾಗತ ಸಮಿತಿಯೂ ಇರಲಿಲ್ಲ, ಕಾರ್ಯಕ್ರಮ ಪಟ್ಟಿಯೂ ಇರಲಿಲ್ಲ; ಆದರೂ ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಈ ಎರಡು ಅನುಭವಗಳನ್ನು ಕೂಡಿಸಿ, 1985ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಹೊಸ ಕ್ರಮವೊಂದನ್ನು ಪ್ರಯೋಗಿಸಿದರು. ಬಂದವರೆಲ್ಲ ವೃತ್ತಾಕಾರವಾಗಿ ಕುಳಿತರು. ಎದುರಿನ ಗೋಡೆ ಬರಿದಾಗಿತ್ತು. ಯಾರಿಗೆ ಯಾವ ವಿಷಯವನ್ನು ಚರ್ಚಿಸುವ ಆಸಕ್ತಿಯಿದೆಯೋ ಅವರು ಅದನ್ನು ಒಂದು ಹಾಳೆಯ ಮೇಲೆ ಬರೆದು, ಸ್ಥಳ ಮತ್ತು ವೇಳೆಯನ್ನು ಸೂಚಿಸಿ ಗೋಡೆಗೆ ಅಂಟಿಸಬೇಕು. ಬೇಕಾದವರು ಬಂದು ಸೇರುತ್ತಾರೆ. ಕುಳಿತಲ್ಲಿ ಕಲಿಯುವುದಕ್ಕಾಗಲಿ ಕಲಿಸುವುದಕ್ಕಾಗಲಿ ಏನೂ ಇಲ್ಲವೆನಿಸಿದರೆ ಎದ್ದು ಬೇರೆ ಗುಂಪಿಗೆ ಹೋಗಬಹುದು, ಅದು ಅಗೌರವವಲ್ಲ. ‘ಎರಡು ಕಾಲುಗಳ ನಿಯಮ’ ಎಂದೇ ಇದನ್ನು ಕರೆದರು. ‘ಓಪನ್ ಸ್ಪೇಸ್’ ಎಂಬ ಹೆಸರಿನಿಂದ ಈ ಪದ್ಧತಿ ಮುಂದೆ ಅನೇಕ ದೇಶಗಳಿಗೆ ಹಬ್ಬಿತು.

ಬರಿಗೋಡೆ ಬೆಂಗಳೂರಿಗೆ ಬಂದುದು

2005ರ ಆಗಸ್ಟ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ‘ಬಾರ್‌ಕ್ಯಾಂಪ್’ ಎಂಬ ಕೂಟ ಆರಂಭವಾಯಿತು. ಆಹ್ವಾನಿತರಿಗೆ ಮಾತ್ರ ಪ್ರವೇಶವಿದ್ದ ಬೇರೊಂದು ಪ್ರತಿಷ್ಠಿತ ಕೂಟಕ್ಕೆ ಪ್ರತಿಯಾಗಿ, ಯಾರು ಬೇಕಾದರೂ ಬರಬಹುದಾದ ಕೂಟವನ್ನು ಕೆಲವು ಉತ್ಸಾಹಿಗಳು ಒಂದು ವಾರದೊಳಗೆ ಕಟ್ಟಿದರು. ಸುಮಾರು 200 ಮಂದಿ ಸೇರಿದರು. ಇಲ್ಲಿಯೂ ಪೂರ್ವನಿಯೋಜಿತ ಗೋಷ್ಠಿಗಳಿರಲಿಲ್ಲ. ಬಂದವರೇ ವೇಳಾಪಟ್ಟಿಯ ಖಾಲಿ ಚೌಕಗಳನ್ನು ತುಂಬಿದರು. ಮರುವರ್ಷ, ಅಂದರೆ 2006ರಲ್ಲಿಯೇ, ಈ ಪದ್ಧತಿ ನಮ್ಮ ಬೆಂಗಳೂರಿಗೂ ಬಂದಿತು. ಆಗ ತಾನೇ ವೃತ್ತಿಗೆ ಕಾಲಿಟ್ಟಿದ್ದ ತರುಣ ತರುಣಿಯರಿಗೆ ‘ನೀನೂ ಎದ್ದು ನಿಂತು ನಿನಗೆ ತಿಳಿದುದನ್ನು ಹೇಳಬಹುದು’ ಎಂಬ ಧೈರ್ಯವನ್ನು ಅದು ಕೊಟ್ಟಿತು.

ಇಷ್ಟಾದರೂ ಈ ಕ್ರಮಕ್ಕೊಂದು ಕೊರತೆಯುಂಟು. ತುಂಬಿದ ಸಭೆಯಲ್ಲಿ ಎದ್ದು ಹೋಗಿ ಗೋಡೆಗೆ ಹಾಳೆ ಅಂಟಿಸಲು ಎಲ್ಲರಿಗೂ ಧೈರ್ಯ ಸಾಲದು. ಮಾತುಗಾರಿಕೆಯುಳ್ಳವರು ಮುಂದಾಗುತ್ತಾರೆ, ಸಂಕೋಚ ಸ್ವಭಾವದವರು ಹಿಂದುಳಿಯುತ್ತಾರೆ. ಅಷ್ಟಲ್ಲದೆ, ದೂರದಿಂದ ಬರುವವನಿಗೆ ಅಲ್ಲಿ ಏನು ದೊರೆಯುವುದೆಂದು ಮೊದಲೇ ತಿಳಿಯದು. ಪ್ರಯಾಣದ ಖರ್ಚಿಗೆ ಹತ್ತು ಸಲ ಯೋಚಿಸುವ ಮನೆಯವರಿಗೆ ಇದು ಸಣ್ಣ ವಿಷಯವಲ್ಲ. ಹೀಗಾಗಿ ಮುಂಚಿತವಾಗಿಯೇ ಜನರ ಅಭಿಪ್ರಾಯ ಪಡೆದು ಗೋಷ್ಠಿಗಳನ್ನು ಹೊಂದಿಸುವ ಬೇರೆ ಮಾರ್ಗಗಳೂ ಬೆಳೆದವು.

ಮತಗಳೆಷ್ಟು, ಹಿತವೆಷ್ಟು?

ಅವುಗಳಲ್ಲಿ ಸುಲಭವಾಗಿ ಹೊಳೆಯುವುದು ಮತದಾನ. ಅಮೆರಿಕದ ಆಸ್ಟಿನ್ ನಗರದಲ್ಲಿ ನಡೆಯುವ ‘ಸೌತ್ ಬೈ ಸೌತ್‌ವೆಸ್ಟ್’ ಎಂಬ ಬೃಹತ್ ಉತ್ಸವದ ತಂತ್ರಜ್ಞಾನ ವಿಭಾಗ ಈ ಮಾರ್ಗ ಹಿಡಿಯಿತು. ಗೋಷ್ಠಿಗಳ ಪ್ರಸ್ತಾವಗಳನ್ನು ಸಾರ್ವಜನಿಕರ ಮುಂದಿಟ್ಟು ಅವರ ಮತವನ್ನು ಕೇಳುವ ‘ಪ್ಯಾನಲ್ ಪಿಕರ್’ ಎಂಬ ವ್ಯವಸ್ಥೆಯನ್ನು ಅದು ರೂಪಿಸಿತು. ಆದರೆ ಅಲ್ಲಿನ ವ್ಯವಸ್ಥಾಪಕರು ಜನಮತಕ್ಕೇ ಎಲ್ಲವನ್ನೂ ಒಪ್ಪಿಸಲಿಲ್ಲ. ಅನೇಕ ವರ್ಷಗಳ ಕಾಲ ಅವರು ಪಾಲಿಸಿದ ಲೆಕ್ಕಾಚಾರದಲ್ಲಿ ಜನಮತಕ್ಕೆ ಶೇಕಡಾ 30, ವಿಷಯಜ್ಞರ ಸಲಹಾ ಮಂಡಳಿಗೆ ಶೇಕಡಾ 40, ವ್ಯವಸ್ಥಾಪಕ ಸಿಬ್ಬಂದಿಗೆ ಶೇಕಡಾ 30 ಎಂದು ಪಾಲು ಹಂಚಲಾಗಿತ್ತು.

ಈ ವಿಂಗಡಣೆಯ ಹಿಂದಿನ ವಿವೇಕವನ್ನು ಗಮನಿಸಬೇಕು. ಬರಿಯ ಮತಗಳಿಂದಲೇ ಆಯ್ಕೆಯಾಗುವುದಾದರೆ ಹೆಚ್ಚು ಸ್ನೇಹಿತರುಳ್ಳವನು, ದೊಡ್ಡ ಕಂಪನಿಯ ನೌಕರ, ಪ್ರಚಾರದಲ್ಲಿ ನಿಪುಣನಾದವನು ಗೆಲ್ಲುತ್ತಾನೆ. ಸಣ್ಣ ಊರಿನಲ್ಲಿ ಕುಳಿತು ಕಷ್ಟದ ಸಮಸ್ಯೆಯೊಂದನ್ನು ಬಿಡಿಸಿದ ಅಜ್ಞಾತ ಇಂಜಿನಿಯರ್ ಹಿಂದೆ ಬೀಳುತ್ತಾನೆ. ಜನಪ್ರಿಯವಾದುದೆಲ್ಲ ಹಿತವಾದುದಲ್ಲ. ಹಾಗೆಂದು ಜನರನ್ನು ಕೇಳದಿರುವುದೂ ಸರಿಯಲ್ಲ.

ಬೆಂಗಳೂರಿನ ‘ಹ್ಯಾಸ್‌ಗೀಕ್’ ಎಂಬ ಸಂಸ್ಥೆ 2010ರ ದಶಕದಲ್ಲಿ ತನ್ನ ತಂತ್ರಜ್ಞಾನ ಸಮ್ಮೇಳನಗಳಿಗೆ ಇನ್ನೊಂದು ಕ್ರಮವನ್ನು ಬಳಕೆಗೆ ತಂದಿತು. ಉಪನ್ಯಾಸ ನೀಡಬಯಸುವವರ ಪ್ರಸ್ತಾವಗಳನ್ನು ಮುಚ್ಚಿದ ಲಕೋಟೆಯಲ್ಲಿ ಸ್ವೀಕರಿಸುವುದಕ್ಕೆ ಬದಲಾಗಿ ಎಲ್ಲರೂ ನೋಡುವಂತೆ ಪ್ರಕಟಿಸುವುದು, ಓದಿದವರು ಪ್ರಶ್ನೆ ಕೇಳಿ ಸಲಹೆ ಕೊಡುವುದು, ಅದರಂತೆ ಉಪನ್ಯಾಸಕರು ತಮ್ಮ ವಿಷಯವನ್ನು ತಿದ್ದಿಕೊಳ್ಳುವುದು ಇದರ ಸ್ವರೂಪ. ಇಲ್ಲಿ ಸಭಿಕರು ನೀಡುವುದು ಬರಿಯ ಒಂದು ಮತವನ್ನಲ್ಲ, ವಿಚಾರವನ್ನು. ‘ಈ ಭಾಗ ನಮಗೆ ತಿಳಿದದ್ದೇ, ಆ ಭಾಗವನ್ನು ವಿವರಿಸಿ’ ಎಂದು ಒಬ್ಬರು ಹೇಳಿದರೂ ಇಡೀ ಗೋಷ್ಠಿಯ ತೂಕ ಹೆಚ್ಚುತ್ತದೆ.

ಮಾತನಾಡದವರ ಮಾತು

ಇಲ್ಲಿಯವರೆಗೆ ಹೇಳಿದ ಎಲ್ಲ ಕ್ರಮಗಳಲ್ಲಿಯೂ ತಾವಾಗಿ ಮುಂದೆ ಬಂದವರ ಧ್ವನಿ ಮಾತ್ರ ಕೇಳಿಸುತ್ತದೆ. ತಾವಾಗಿ ಮುಂದೆ ಬಾರದವರ ಗತಿಯೇನು? ಈ ಪ್ರಶ್ನೆ ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಿಗೆ ಸಂಬಂಧಿಸಿದುದು.

‘ಪೈಥಾನ್’ ಎಂಬ ಗಣಕ ಭಾಷೆಯನ್ನು ಬಳಸುವವರು ಉತ್ತರ ಅಮೆರಿಕದಲ್ಲಿ ಪ್ರತಿವರ್ಷ ನಡೆಸುವ ಸಮ್ಮೇಳನದ ಹೆಸರು ‘ಪೈಕಾನ್’. 2011ರಲ್ಲಿ ಅಲ್ಲಿನ ಉಪನ್ಯಾಸಗಳ ಪೈಕಿ ಮಹಿಳೆಯರು ನೀಡಿದ್ದು ಶೇಕಡಾ 1 ಮಾತ್ರ. ಮಹಿಳೆಯರಿಗೆ ಬಾಗಿಲು ಮುಚ್ಚಿರಲಿಲ್ಲ. ಆದರೆ ‘ನಾನೇನು ದೊಡ್ಡದನ್ನು ಹೇಳಬಲ್ಲೆ?’ ಎಂಬ ಹಿಂಜರಿಕೆಯಿಂದ ಪ್ರಸ್ತಾವ ಕಳುಹಿಸುವವರೇ ವಿರಳ. ವ್ಯವಸ್ಥಾಪಕರು ಒಬ್ಬೊಬ್ಬರನ್ನೇ ಸಂಪರ್ಕಿಸಿ, ‘ನಿಮ್ಮ ಅನುಭವ ನಮಗೆ ಬೇಕು, ಬರೆದು ಕಳುಹಿಸಿ’ ಎಂದು ಒತ್ತಾಯದಿಂದ ಕೇಳಿದರು. 2012ರಲ್ಲಿ ಶೇಕಡಾ 7, 2013ರಲ್ಲಿ ಶೇಕಡಾ 15, 2014ರಲ್ಲಿ ಶೇಕಡಾ 33, 2016ರ ಹೊತ್ತಿಗೆ ಶೇಕಡಾ 40 — ಹೀಗೆ ಆ ಪ್ರಮಾಣ ಏರಿತು. ಐದೇ ವರ್ಷಗಳಲ್ಲಿ ಇಷ್ಟು ಅಂತರ!

ಜರ್ಮನಿಯ ಬರ್ಲಿನ್‌ನಲ್ಲಿ 2012ರಲ್ಲಿ ನಡೆದ ‘ಜೆಎಸ್‌ಕಾನ್ಫ್’ ಸಮ್ಮೇಳನದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರೂ ಮಹಿಳೆಯರಿಗೆ ನೇರವಾಗಿ ಬರೆದು ಪ್ರೋತ್ಸಾಹಿಸಿದರು. ಆದರೆ ಆಯ್ಕೆಯ ವೇಳೆ ಪ್ರಸ್ತಾವ ಬರೆದವರ ಹೆಸರುಗಳನ್ನು ಮರೆಮಾಡಿ, ವಿಷಯವನ್ನು ಮಾತ್ರ ನೋಡಿ ಆರಿಸಿದರು. ಉಪನ್ಯಾಸಕರ ಪೈಕಿ ನಾಲ್ಕನೆಯ ಒಂದು ಭಾಗ ಮಹಿಳೆಯರಾಗಿದ್ದರು. ಯೋಗ್ಯತೆಯಲ್ಲಿ ರಿಯಾಯಿತಿ ಕೊಟ್ಟು ತಂದದ್ದಲ್ಲ ಇದು. ಯೋಗ್ಯತೆ ಮೊದಲಿನಿಂದಲೂ ಇತ್ತು, ಕೇಳುವವರು ಇರಲಿಲ್ಲ ಅಷ್ಟೇ.

ಕೇಳಬೇಕಾದ ಪ್ರಶ್ನೆ

ಹಾಗಾದರೆ ಜನರನ್ನು ಏನೆಂದು ಕೇಳಬೇಕು? ‘ನಿಮಗೆ ಯಾವ ವಿಷಯ ಬೇಕು?’ ಎಂದು ಕೇಳಿದರೆ ಬರುವ ಉತ್ತರಗಳೆಲ್ಲ ಒಂದೇ ತೆರನಾಗಿರುತ್ತವೆ. ಆ ವರ್ಷ ಎಲ್ಲರ ಬಾಯಲ್ಲಿರುವ ಹೆಸರುಗಳನ್ನೇ ಜನ ಬರೆದು ಕೊಡುತ್ತಾರೆ. ಅದಕ್ಕೆ ಬದಲಾಗಿ ‘ಕಳೆದ ಆರು ತಿಂಗಳಲ್ಲಿ ನಿಮ್ಮ ಯಾವ ಕೆಲಸ ನಡುವೆ ನಿಂತುಹೋಯಿತು? ಏಕೆ?’ ಎಂದು ಕೇಳಿದರೆ ನಿಜವಾದ ಕಷ್ಟ ಹೊರಬೀಳುತ್ತದೆ. ವೈದ್ಯರು ರೋಗಿಯನ್ನು ‘ಯಾವ ಔಷಧಿ ಬೇಕು?’ ಎಂದು ಕೇಳುವುದಿಲ್ಲ, ‘ಎಲ್ಲಿ ನೋವು?’ ಎಂದು ಕೇಳುತ್ತಾರೆ. ಗೋಷ್ಠಿ ಹೊಂದಿಸುವವರಿಗೂ ಇದೇ ನೀತಿ ಅನ್ವಯಿಸುತ್ತದೆ.

ಪ್ರಶ್ನೆಗಳು ಮೂರು ನಾಲ್ಕಕ್ಕಿಂತ ಹೆಚ್ಚಿರಬಾರದು. ಬಂದವರು ಹೊಸಬರೋ ನುರಿತವರೋ ಎಂಬುದನ್ನು ತಿಳಿಯುವುದು ಅವಶ್ಯ. ಇಲ್ಲವಾದರೆ ಅಕ್ಷರ ಕಲಿಯಲು ಬಂದವನಿಗೆ ಛಂದಸ್ಸನ್ನು ಬೋಧಿಸಿದಂತಾಗುತ್ತದೆ. ಕಾರ್ಯಕ್ರಮ ಪಟ್ಟಿ ಅಚ್ಚಿಗೆ ಹೋಗುವುದಕ್ಕೆ ಸಾಕಷ್ಟು ಮೊದಲೇ ಕೇಳಬೇಕು. ಎಲ್ಲವನ್ನೂ ನಿರ್ಧರಿಸಿದ ಮೇಲೆ ಕೇಳುವುದು ಕೇವಲ ಉಪಚಾರವಾಗುತ್ತದೆ. ಗೋಷ್ಠಿ ಮುಗಿದ ಕೂಡಲೇ ಬಾಗಿಲ ಬಳಿ ಹಸಿರು, ಹಳದಿ, ಕೆಂಪು ಚೀಟಿಗಳನ್ನಿಟ್ಟು ಅಭಿಪ್ರಾಯ ಪಡೆಯುವ ರೂಢಿ ಕೆಲವು ಸಮ್ಮೇಳನಗಳಲ್ಲಿದೆ. ಬರೆಯಲು ಬೇಸರಿಸುವವನೂ ಒಂದು ಚೀಟಿ ಹಾಕಿ ಹೋಗುತ್ತಾನೆ. ಮುಂದಿನ ವರ್ಷದ ಯೋಜನೆಗೆ ಅದು ಆಧಾರವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಕೇಳಿದವರಿಗೆ ಲೆಕ್ಕ ಒಪ್ಪಿಸುವುದು. ‘ನೀವು ಇಂತಿಂಥದನ್ನು ಕೇಳಿದಿರಿ, ಇಷ್ಟನ್ನು ಸೇರಿಸಿದ್ದೇವೆ, ಇಷ್ಟನ್ನು ಈ ಕಾರಣದಿಂದ ಸೇರಿಸಲಾಗಲಿಲ್ಲ’ ಎಂದು ತಿಳಿಸಿದರೆ ಜನರ ವಿಶ್ವಾಸ ಬೆಳೆಯುತ್ತದೆ. ಅಭಿಪ್ರಾಯ ಪಡೆದು ಮೂಲೆಗಿಟ್ಟರೆ ಮುಂದಿನ ಸಲ ಯಾರೂ ಬಾಯಿ ತೆರೆಯುವುದಿಲ್ಲ.

ಕೇಳದೆಯೂ ಕೊಡಬೇಕಾದುದು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ ಉಳಿಯುತ್ತದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಗಣಕಯಂತ್ರ ಸಮ್ಮೇಳನದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ ಸುಮಾರು 1000 ಮಂದಿಯ ಮುಂದೆ 90 ನಿಮಿಷಗಳ ಪ್ರಾತ್ಯಕ್ಷಿಕೆಯೊಂದನ್ನು ನೀಡಿದರು. ಇಂದು ಮನೆಮನೆಯಲ್ಲಿಯೂ ಪರಿಚಿತವಾದ ‘ಮೌಸ್’ ಅನ್ನು ಅವರು ಅಂದು ಸಾರ್ವಜನಿಕವಾಗಿ ತೋರಿಸಿದರು. ದೂರದಲ್ಲಿರುವವರೊಡನೆ ಮುಖ ನೋಡುತ್ತ ಕೆಲಸ ಮಾಡುವ ವಿಧಾನವನ್ನೂ ತೋರಿಸಿದರು. ಆ ಸಭಿಕರನ್ನು ಮೊದಲೇ ‘ನಿಮಗೇನು ಬೇಕು?’ ಎಂದು ಕೇಳಿದ್ದರೆ ಇಂಥದನ್ನು ಬಯಸುವವರು ಎಷ್ಟು ಮಂದಿ ಇರುತ್ತಿದ್ದರು? ತಾನು ಕಂಡೇ ಇರದ ವಸ್ತುವನ್ನು ಯಾರೂ ಕೇಳಲಾರರು. ಆದ್ದರಿಂದ ಸಭಿಕರ ಅಗತ್ಯಕ್ಕೆ ಹೆಚ್ಚಿನ ಗೋಷ್ಠಿಗಳನ್ನು ಮೀಸಲಿಟ್ಟರೂ, ಬಲ್ಲವರ ದೂರದೃಷ್ಟಿಗೂ ಒಂದೆರಡು ಗೋಷ್ಠಿಗಳನ್ನು ಬಿಡುವುದು ಜಾಣತನ. ತಾಯಿ ಮಕ್ಕಳ ಇಷ್ಟವನ್ನು ಕೇಳಿ ಅಡುಗೆ ಮಾಡಿದರೂ, ಎಲೆಯ ತುದಿಯಲ್ಲಿ ಅವರು ಕೇಳದ ಒಂದು ಹಿತವಾದ ಪಲ್ಯವನ್ನು ಬಡಿಸಿಯೇ ಬಡಿಸುತ್ತಾಳೆ.

ತಂತ್ರಜ್ಞರ ಈ ಅನುಭವ ತಂತ್ರಜ್ಞರಿಗಷ್ಟೇ ಸೀಮಿತವಲ್ಲ. ನಮ್ಮ ಊರಿನ ವಿದ್ಯಾರ್ಥಿನಿಲಯದಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರ ಏರ್ಪಡಿಸುವವರು, ತರುಣರಿಗೆ ಕಂಪ್ಯೂಟರ್ ತರಬೇತಿ ನಡೆಸುವವರು ಇದನ್ನು ಅನುಸರಿಸಬಹುದು. ಶಿಬಿರಕ್ಕೆ ಒಂದು ತಿಂಗಳ ಮೊದಲು ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆಯೊಂದನ್ನು ಇಟ್ಟರೆ ಖರ್ಚೇನೂ ಇಲ್ಲ. ಗೋಡೆಯ ಹಾಳೆಯಲ್ಲಿ ಧೈರ್ಯವಂತರು ಬರೆಯುತ್ತಾರೆ, ಪೆಟ್ಟಿಗೆಯಲ್ಲಿ ಸಂಕೋಚದವರು ಹಾಕುತ್ತಾರೆ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗಿಯನ್ನು ಹಿರಿಯರೊಬ್ಬರು ಹತ್ತಿರ ಕರೆದು, ‘ನಿನಗೇನು ತೊಡಕಾಗಿದೆ, ಹೇಳಮ್ಮ’ ಎಂದು ವಿಚಾರಿಸಿದರೆ ಇನ್ನೂ ಒಳ್ಳೆಯದು. ಅವಳ ಉತ್ತರದಿಂದಲೇ ಆ ಶಿಬಿರದ ಮೊದಲನೆಯ ಗೋಷ್ಠಿ ಆರಂಭವಾಗಲಿ.