ಆಸ್ಪತ್ರೆ ಗೋಡೆಯ ಮೇಲಿನ ದರದ ಪಟ್ಟಿ

ಸೋದರಿಯರೇ, ಆಸ್ಪತ್ರೆಗೆ ಹೋದಾಗ ನೀವು ಗೋಡೆ ಕಡೆ ನೋಡುತ್ತೀರಾ? ನಾನಂತೂ ನೋಡುತ್ತಿರಲಿಲ್ಲ. ದೇವರ ಪಟ, ಔಷಧ ಕಂಪನಿಯ ಕ್ಯಾಲೆಂಡರು, 'ನಿಶ್ಶಬ್ದ' ಎಂಬ ಹಲಗೆ, ಇಷ್ಟೇ ತಾನೇ ಎಂದುಕೊಂಡಿದ್ದೆ. ಆ ಗೋಡೆಯ ಮೇಲೆ ನಮಗಾಗಿಯೇ ಬರೆದ ಮಾತೂ ಇರಬೇಕು, ಅದಕ್ಕಾಗಿ ನಮ್ಮ ವಿಧಾನಸಭೆಯಲ್ಲಿ ದೊಡ್ಡ ಜಗಳವೇ ನಡೆದಿತ್ತು ಅನ್ನೋದು ನನಗೆ ತಿಳಿದದ್ದು ಕಷ್ಟ ಬಂದ ಮೇಲೆ.

ನಮ್ಮದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಆಕಾಶ ನೋಡೋದು. ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದ 2022ನೇ ಇಸವಿ ನೆನಪಿದೆಯಲ್ಲ? ಆ ವರ್ಷ ಶೇಂಗಾ ಕೀಳುವಾಗ, ಮುಸ್ಸಂಜೆ ಹೊತ್ತಲ್ಲಿ ನಮ್ಮ ಮೈದುನನಿಗೆ ಹಾವು ಕಚ್ಚಿತು. ಹೊಲದಲ್ಲಿದ್ದವರೊಬ್ಬರು ಮಂತ್ರ ಹಾಕಿಸೋಣ ಎಂದರು. ಇನ್ನೊಬ್ಬರು, "ಸರ್ಕಾರಿ ಆಸ್ಪತ್ರೇಲಿ ಈ ಹೊತ್ತಲ್ಲಿ ಯಾರಿರ್ತಾರೆ, ಪ್ರೈವೇಟಿಗೇ ಹೋಗಿ" ಎಂದರು. ಗಾಬರಿಯಲ್ಲಿ ಯಾರ ಮಾತು ಕೇಳಬೇಕೋ ತಿಳಿಯಲಿಲ್ಲ. ಸರ್ಕಾರಿ ಆಸ್ಪತ್ರೆಯ ಮುಂದೆಯೇ ಹಾದು ಪಟ್ಟಣದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದೆವು.

ಅಲ್ಲಿ ಮೊದಲ ಮಾತೇ, "ಇಪ್ಪತ್ತು ಸಾವಿರ ಕಟ್ಟಿ." ನನ್ನ ಸೆರಗಿನ ಗಂಟಲ್ಲಿ ಇದ್ದದ್ದು ಆರುನೂರು ರೂಪಾಯಿ. ನಮ್ಮವರು ಯಾರ್ಯಾರಿಗೋ ಫೋನು ಮಾಡಿ ಹಣ ಹೊಂದಿಸೋ ತನಕ ಹುಡುಗ ಬೆಂಚಿನ ಮೇಲೆ ಕಣ್ಣುರೆಪ್ಪೆ ಎತ್ತಲಾರದೆ ಕೂತಿದ್ದ. ದೇವರು ದೊಡ್ಡವನು, ಬದುಕಿಕೊಂಡ. ಆದರೆ ಬಿಲ್ಲು ಕಟ್ಟಲು ನನ್ನ ಸರ ಅಡವಿಗೆ ಹೋಯಿತು.

ಬಿಡಿಸಿಕೊಂಡು ಬರುವ ದಿನ ಕೌಂಟರಿನ ಹತ್ತಿರ ಕಾಯುತ್ತ ನಿಂತಿದ್ದೆ. ಕ್ಯಾಲೆಂಡರಿನ ಹಿಂದೆ ಅರ್ಧ ಮುಚ್ಚಿದ ಒಂದು ಹಲಗೆ ಕಂಡಿತು. ಸರಿಸಿ ಓದಿದೆ. ಯಾವ ಚಿಕಿತ್ಸೆಗೆ ಎಷ್ಟು ಎಂಬ ದರ, ಕೆಳಗೆ ರೋಗಿಗಳ ಹಕ್ಕುಗಳು! ಹೈಸ್ಕೂಲು ಓದಿದ ಕನ್ನಡ ಅಂದು ಉಪಯೋಗಕ್ಕೆ ಬಂತು. "ಒಂದೊಂದರ ಲೆಕ್ಕ ಬಿಡಿಸಿ ಬರೆದುಕೊಡಿ" ಎಂದೆ. ಗುಮಾಸ್ತ ನನ್ನ ಮುಖ ನೋಡಿದ. ಆಮೇಲೆ ಬರೆದುಕೊಟ್ಟ. ಎರಡು ಬಾಬ್ತು "ತಪ್ಪಿ ಸೇರಿವೆ" ಎಂದು ತಾನೇ ಹೊಡೆದುಹಾಕಿದ. ಸರ ಬಿಡಿಸುವಷ್ಟು ಹಣವೇನಲ್ಲ. ಆದರೂ ಕೇಳಿದರೆ ಉತ್ತರ ಕೊಡಬೇಕು ಎಂಬುದು ತಿಳಿಯಿತಲ್ಲ, ಅದೇ ದೊಡ್ಡದು.

ಊರಿಗೆ ಬಂದ ಮೇಲೆ ನಮ್ಮ ಮಗನನ್ನು ಕೇಳಿ ಆ ಹಲಗೆಯ ಕಥೆ ತಿಳಿದುಕೊಂಡೆ. ಖಾಸಗಿ ಆಸ್ಪತ್ರೆಗಳಿಗೆ ನಮ್ಮ ರಾಜ್ಯದಲ್ಲಿ 2007ರಲ್ಲೇ ಒಂದು ಕಾನೂನು ಆಗಿತ್ತು. ಅದು ಸಾಲದು ಎಂದು ಹೊರಟವರು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಶಾಸಕರಾಗಿದ್ದ ಕೆ. ಆರ್. ರಮೇಶ್ ಕುಮಾರ್ ಅವರು. ಎರಡು ಬಾರಿ ವಿಧಾನಸಭೆಯ ಅಧ್ಯಕ್ಷರಾಗಿದ್ದವರು. 2016ರಿಂದ 2018ರವರೆಗೆ ಆರೋಗ್ಯ ಮಂತ್ರಿಯಾಗಿದ್ದರು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ಈ ವಿಷಯ ಪರಿಶೀಲಿಸಿತ್ತು. 2017ರ ಜೂನಿನಲ್ಲಿ ತಿದ್ದುಪಡಿ ಮಸೂದೆ ಸದನಕ್ಕೆ ಬಂತು. ಚಿಕಿತ್ಸೆಗಳಿಗೆ ಸರ್ಕಾರವೇ ದರ ಗೊತ್ತುಮಾಡಬೇಕು, ಮೀರಿದವರಿಗೆ ಜೈಲು ಎಂದೆಲ್ಲ ಅದರಲ್ಲಿತ್ತು.

ಡಾಕ್ಟರುಗಳು ಸಿಟ್ಟಾದರು. ಆ ವರ್ಷ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಹೊರರೋಗಿಗಳ ವಿಭಾಗಗಳಿಗೆ ಬೀಗ ಬಿತ್ತು, ಜನ ಪರದಾಡಿದರು, ಮಾತು ಹೈಕೋರ್ಟಿನವರೆಗೂ ಹೋಯಿತು. ವೈದ್ಯರ ಮಾತನ್ನೂ ಸುಳ್ಳೆನ್ನಲಾಗದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ಹಳ್ಳಿ ಪಕ್ಕದ ಹತ್ತು ಹಾಸಿಗೆಯ ನರ್ಸಿಂಗ್ ಹೋಮಿಗೂ ಒಂದೇ ದರ ಹೇಗೆ? ಜೈಲಿನ ಹೆದರಿಕೆ ಇದ್ದರೆ ಕಷ್ಟದ ಕೇಸನ್ನು ಮುಟ್ಟುವವರ್ಯಾರು? ಸರ್ಕಾರಿ ಆಸ್ಪತ್ರೆಗಳಿಗೆ ಯಾಕಿಲ್ಲ ಈ ಕಾನೂನು? ಹೀಗೆ ಅವರು ಕೇಳಿದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಾತುಕತೆ ನಡೆಸಿ, ಮಸೂದೆಯ ಬಿಗಿ ಸಡಿಲಿಸಿ, ಅದೇ ತಿಂಗಳು ಬೆಳಗಾವಿಯಲ್ಲಿ ಅಂಗೀಕಾರವಾಯಿತು. ಮಂತ್ರಿಗಳು ಬಯಸಿದ್ದೆಲ್ಲ ಸಿಗಲಿಲ್ಲ. ಆದರೆ ಕೈಗೆ ಬಂದದ್ದು ನಮ್ಮಂಥವರಿಗೆ ಕಡಿಮೆಯೇನಲ್ಲ.

ಏನೇನು ಬಂತು ಅಂತೀರಾ? ಅಡುಗೆಮನೆ ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಖಾಸಗಿ ಆಸ್ಪತ್ರೆ ತನ್ನ ದರವನ್ನು ಕಾಣುವಂತೆ ಹಾಕಬೇಕು. ರೋಗಿಗಳ ಹಕ್ಕುಗಳನ್ನು ತಿಳಿಸಬೇಕು.

ಜೀವಕ್ಕೆ ಅಪಾಯವಿರುವಾಗ ಮುಂಗಡ ಕಟ್ಟಿದರೇ ಮುಟ್ಟುತ್ತೇವೆ ಎನ್ನುವಂತಿಲ್ಲ.

ರೋಗಿ ತೀರಿಕೊಂಡರೆ ಬಾಕಿಗಾಗಿ ಶವವನ್ನು ತಡೆಹಿಡಿಯುವಂತಿಲ್ಲ. ಬಾಕಿಯನ್ನು ಆಮೇಲೆ ಕೇಳಬೇಕು.

ಅನ್ಯಾಯವಾದರೆ ಜಿಲ್ಲಾಧಿಕಾರಿಗಳು ಮುಖ್ಯಸ್ಥರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ದೂರನ್ನು ಬಿಳಿ ಹಾಳೆಯಲ್ಲಿ ಬರೆದು, ಬಿಲ್ಲು ಮತ್ತು ರಸೀದಿಗಳ ನಕಲು ಇಟ್ಟು, ಒಂದು ಪ್ರತಿ ನಿಮ್ಮ ಹತ್ತಿರ ಉಳಿಸಿಕೊಳ್ಳಿ.

ಇದನ್ನು ಮೊದಲೇ ತಿಳಿದಿದ್ದರೆ ಆ ರಾತ್ರಿ ನಾನು ಬಾಯಿ ಬಿಡುತ್ತಿದ್ದೆ ಅನ್ನಿಸುತ್ತದೆ. ಆದರೆ ನಮ್ಮ ತಪ್ಪನ್ನೂ ಹೇಳಬೇಕಲ್ಲ! ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನು ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ನಾವು ಅದರ ಬಾಗಿಲಲ್ಲೇ ಹಾದುಹೋಗಿದ್ದೆವು! ಈಗ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು ನಮ್ಮ ರಾಜ್ಯದಲ್ಲಿ ಆಜ್ಞೆಯಾಗಿದೆ. ನಿಮ್ಮ ಮನೇಲಿ ಹೀಗಾದರೆ ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಮಲಗಿಸಿ, ಧೈರ್ಯ ಹೇಳಿ, 108ಕ್ಕೆ ಫೋನು ಮಾಡಿ. ಮಂತ್ರಕ್ಕೆ ಕಳೆಯುವ ಹೊತ್ತು ವಿಷಕ್ಕೆ ಸಿಗುವ ಹೊತ್ತು.

ಇನ್ನೊಂದು ವಿಷಯ. ರಮೇಶ್ ಕುಮಾರ್ ಅವರು ಮಂತ್ರಿಯಾಗಿದ್ದಾಗಲೇ 2018ರ ಮಾರ್ಚಿನಲ್ಲಿ 'ಆರೋಗ್ಯ ಕರ್ನಾಟಕ' ಶುರುವಾಯಿತು. ಅದೇ ವರ್ಷದ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಕಾರ್ಡು ಇದೆ ಎಂದು ನೇರ ಖಾಸಗಿಗೆ ಹೋದರೆ ಆಗದು. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಗೆ ಚೀಟಿ ಬರೆಸಿಕೊಂಡು, ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಬೇಕು. ಆ ಚೀಟಿ ಇಲ್ಲದೆ ಎಷ್ಟು ಜನ ಒಡವೆ ಮಾರಿದ್ದಾರೋ! ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಒಂದೇ ಚೀಲದಲ್ಲಿ ಹಾಕಿ ಕೈಗೆ ಸಿಗುವಲ್ಲಿಡಿ.

ಶಾಸಕರು ಅಂದರೆ ಮದುವೆಗೆ ಬರುವವರು, ಗುದ್ದಲಿ ಪೂಜೆ ಮಾಡುವವರು ಎಂದೇ ನಾವು ತಿಳಿದಿದ್ದೇವೆ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆ ನಡೆಸುವವರೂ ಅವರೇ. ಇನ್ನು ಮುಂದೆ ನಮ್ಮೂರಿಗೆ ಬಂದಾಗ ಗಂಡಸರು ರಸ್ತೆ ಕೇಳಲಿ. ನಾವು ಆರತಿ ತಟ್ಟೆ ಕೆಳಗಿಟ್ಟು, "ಹಾವಿನ ಇಂಜೆಕ್ಷನ್ ದಾಸ್ತಾನು ಇದೆಯಾ ಸ್ವಾಮಿ? ರಾತ್ರಿ ಹೊತ್ತು ಡಾಕ್ಟರು ಇರ್ತಾರಾ?" ಎಂದು ಕೇಳೋಣ. ನಾಲ್ಕು ಹೆಂಗಸರು ಒಟ್ಟಿಗೆ ಕೇಳಿದರೆ ಉತ್ತರ ಕೊಡದೆ ಕಾರು ಹತ್ತುವುದು ಅವರಿಗೂ ಕಷ್ಟ.

ನನ್ನ ಸರ ಎರಡು ಬೆಳೆ ತೆಗೆದ ಮೇಲೆ ಮನೆಗೆ ಬಂತು. ಮೈದುನ ಈಗ ಬೂಟು ಹಾಕದೆ ಹೊಲಕ್ಕೆ ಇಳಿಯುವುದಿಲ್ಲ. ನಾನಂತೂ ಯಾವ ಆಸ್ಪತ್ರೆಗೆ ಹೋದರೂ ಮೊದಲು ಗೋಡೆ ನೋಡುತ್ತೇನೆ. ಕ್ಯಾಲೆಂಡರು ಅಡ್ಡ ಇದ್ದರೆ ಸರಿಸುತ್ತೇನೆ. ನೀವೂ ಸರಿಸಿ.