ಕವಳಿ ಹಣ್ಣಿನ ಕಬ್ಬಿಣ ಮತ್ತು ಹುಳಿ

ಕವಳಿ ಕುರುಚಲು ಕಾಡಿನ, ಬೇಲಿಸಾಲಿನ ಮುಳ್ಳುಗಿಡ. ದಕ್ಷಿಣ ಕನ್ನಡದವರಿಗೆ ಇದು ಕರಂಡೆ, ಸಂಸ್ಕೃತದಲ್ಲಿ ಕರಮರ್ದ, ಸಸ್ಯಶಾಸ್ತ್ರದಲ್ಲಿ ಕ್ಯಾರಿಸಾ ಕರಂಡಾಸ್. ಬಯಲುಸೀಮೆಯ ಒಣ ಗುಡ್ಡಗಳ ಸಣ್ಣ ಹಣ್ಣಿನ ಕವಳಿ ಇದರ ಹತ್ತಿರದ ನೆಂಟ. ಮಲ್ಲಿಗೆಯಂಥ ಬಿಳಿ ಹೂ ಉದುರಿದ ಮೇಲೆ ಗೊಂಚಲು ಗೊಂಚಲಾಗಿ ಕಾಯಿ ಕಟ್ಟುತ್ತದೆ. ಹಸಿರು ಕಾಯಿ ಕೆಂಪಾಗಿ, ಕೊನೆಗೆ ಕಡುನೇರಳೆಗೆ ತಿರುಗಿ ಮೆತ್ತಗಾಗುತ್ತದೆ.

ಎಳೆಗಾಯಿಯ ತೊಟ್ಟು ಚಿವುಟಿದರೆ ಬಿಳಿ ಹಾಲು ಒಸರುತ್ತದೆ. ಬೆರಳಿಗೆ ತಾಗಿದರೆ ಅಂಟಂಟು, ನೀರಿಗೆ ಜಗ್ಗದು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು. ಈ ಹಾಲು ಕಣಗಿಲೆ ಕುಟುಂಬದ ಗುರುತು. ಉಪ್ಪಿನಕಾಯಿಗೆ ಕಾಯಿ ಹೆಚ್ಚುವವರು ಹೆಚ್ಚಿದ್ದನ್ನು ಉಪ್ಪುನೀರಿಗೆ ಹಾಕುವುದು ಈ ಅಂಟು ಬಿಡಲೆಂದೇ.

ಕವಳಿಯ ಹೆಸರು ಬಂದಾಗಲೆಲ್ಲ ಕಬ್ಬಿಣದ ಮಾತು ಬರುತ್ತದೆ. ಒಣಗಿದ ಹಣ್ಣಿನ 100 ಗ್ರಾಂನಲ್ಲಿ 39 ಮಿಲಿಗ್ರಾಂ ಕಬ್ಬಿಣವಿದೆ ಎಂದು ಹಳೆಯ ಆಹಾರ ಕೋಷ್ಟಕಗಳು ಹೇಳುತ್ತವೆ. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ತಾಜಾ ಹಣ್ಣಿನ ತೂಕದಲ್ಲಿ ಬಹುಪಾಲು ನೀರೇ. ಒಣಗಿದಾಗ ಉಳಿದದ್ದೆಲ್ಲ ಸಾಂದ್ರವಾಗುತ್ತದೆ. ಬುಟ್ಟಿಯಿಂದ ಎತ್ತಿ ತಿನ್ನುವ ಹಿಡಿ ಹಣ್ಣಿನಲ್ಲಿ ಅಷ್ಟು ಕಬ್ಬಿಣ ಇರುವುದಿಲ್ಲ. ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆಯ ಬದಲು ಕವಳಿ ತಿಂದರೆ ಸಾಲದು.

ಹಾಗಾದರೆ ಕವಳಿಯಿಂದ ರಕ್ತಕ್ಕೆ ಪ್ರಯೋಜನವೇ ಇಲ್ಲವೇ? ಇದೆ, ಅದು ಬರುವುದು ಹುಳಿಯ ದಾರಿಯಲ್ಲಿ. ರಾಗಿ, ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕುವಂಥದ್ದಲ್ಲ. ಜಠರದ ಆಮ್ಲದಲ್ಲಿ ಕರಗಿದ್ದ ಕಬ್ಬಿಣ ಸಣ್ಣಕರುಳಿಗೆ ಇಳಿದೊಡನೆ ಮತ್ತೆ ಗಟ್ಟಿಯಾಗಲು ನೋಡುತ್ತದೆ. ಧಾನ್ಯದ ಫೈಟೇಟ್ ಎಂಬ ವಸ್ತು ಅದನ್ನು ಕಟ್ಟಿಹಾಕುತ್ತದೆ. ಸಿಟ್ರಿಕ್ ಆಮ್ಲ ಮತ್ತು ವಿಟಮಿನ್ ಸಿ ಜೊತೆಗಿದ್ದರೆ ಕಬ್ಬಿಣ ಕರಗಿದ ರೂಪದಲ್ಲೇ ಉಳಿಯುತ್ತದೆ. ವಿಟಮಿನ್ ಸಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕರುಳಿನ ಗೋಡೆ ಹೀರಿಕೊಳ್ಳಬಲ್ಲ ಫೆರಸ್ ರೂಪಕ್ಕೆ ಅದನ್ನು ತರುತ್ತದೆ. ವಿಟಮಿನ್ ಸಿಯಲ್ಲಿ ಕವಳಿ ನೆಲ್ಲಿಕಾಯಿಗೆ ಸಮವಲ್ಲ, ನಿಜ. ಆದರೂ ರಾಗಿರೊಟ್ಟಿಯ ಪಕ್ಕದ ಹಸಿ ಕವಳಿ ಚಟ್ನಿ ರೊಟ್ಟಿಯಲ್ಲಿರುವ ಕಬ್ಬಿಣವನ್ನೇ ಹೆಚ್ಚು ದಕ್ಕಿಸಿಕೊಡುತ್ತದೆ. ಚಟ್ನಿಯನ್ನು ಬೇಯಿಸದೆ ಅರೆಯುವುದೇ ಮೇಲು, ಕಾರಣ ಕಾವಿಗೆ ವಿಟಮಿನ್ ಸಿ ನಾಶವಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟು ಈ ಲಾಭವನ್ನು ತಗ್ಗಿಸುತ್ತದೆ.

ಮಾಗಿದ ಹಣ್ಣಿನ ನೇರಳೆ ಬಣ್ಣ ಆಂಥೋಸಯನಿನ್‌ಗಳದ್ದು. ನೇರಳೆ ಹಣ್ಣಿಗೂ ಬಣ್ಣ ಕೊಡುವ ವರ್ಗವಿದು. ಹಿಂಡಿದ ರಸ ಕೆಂಪಗಿರುತ್ತದೆ, ಚಿಟಿಕೆ ಅಡುಗೆಸೋಡಾ ಬಿದ್ದರೆ ನೀಲಿಯತ್ತ ವಾಲುತ್ತದೆ. ಪ್ರಯೋಗನಳಿಕೆಯಲ್ಲಿ ಇವು ಒಳ್ಳೆಯ ಉತ್ಕರ್ಷಣ ನಿರೋಧಕಗಳು. ದೇಹ ಇವುಗಳಲ್ಲಿ ಹೀರಿಕೊಳ್ಳುವುದು ಸ್ವಲ್ಪವನ್ನೇ. ಕಾಯಿಯಲ್ಲಿ ಹೇರಳವಾಗಿರುವ ಪೆಕ್ಟಿನ್ ಕರಗುವ ನಾರು. ಅದು ಕರುಳಿನಲ್ಲಿ ಲೋಳೆಯಾಗಿ ಸಕ್ಕರೆ ರಕ್ತ ಸೇರುವ ವೇಗವನ್ನು ತಗ್ಗಿಸುತ್ತದೆ. ಕವಳಿ ಜೆಲ್ಲಿ ಸೊಗಸಾಗಿ ಗಟ್ಟಿಯಾಗುವುದೂ ಇದರಿಂದಲೇ, ಆದರೆ ಜೆಲ್ಲಿಗೆ ಸುರಿಯುವ ಸಕ್ಕರೆ ಆ ಲಾಭವನ್ನು ನುಂಗಿಹಾಕುತ್ತದೆ.

ಮಧುಮೇಹ, ಯಕೃತ್ತಿನ ಕಾಯಿಲೆಗಳಿಗೆ ಕವಳಿ ಮದ್ದೆಂಬ ಮಾತಿನ ಹಿಂದಿರುವುದು ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗ. ಬೇರಿನ ಕಷಾಯದಿಂದಂತೂ ದೂರವಿರಬೇಕು. ಕಣಗಿಲೆಯಲ್ಲಿರುವಂತೆ ಕವಳಿಯ ಬೇರಿನಲ್ಲೂ ಹೃದಯದ ಬಡಿತವನ್ನು ಏರುಪೇರು ಮಾಡುವ ಗ್ಲೈಕೋಸೈಡುಗಳಿವೆ. ತಿನ್ನುವ ಭಾಗ ಕಾಯಿ, ಹಣ್ಣು ಮಾತ್ರ.

ಪೇಟೆಯವರು ಕವಳಿಯನ್ನು ಅರಿಯದೆಯೇ ತಿಂದಿರುತ್ತಾರೆ. ಬೇಕರಿಯ ಕೇಕು, ಐಸ್‌ಕ್ರೀಮಿನ ಮೇಲೆ ಕೂರುವ ಕೆಂಪು ಚೆರ್ರಿ ಅನೇಕ ವೇಳೆ ಕವಳಿಯೇ. ಕಾಯಿಯ ಬೀಜ ತೆಗೆದು, ಗಂಧಕದ ದ್ರಾವಣದಲ್ಲಿ ಬಿಳಿಚಿಸಿ, ಸಕ್ಕರೆ ಪಾಕದಲ್ಲಿ ನೆನೆಸಿ ಕೆಂಪು ಬಣ್ಣ ಹಾಕುತ್ತಾರೆ. ಹುಳಿ, ವಿಟಮಿನ್ ಸಿ, ಸ್ವಂತ ಬಣ್ಣ ಅಲ್ಲೇ ಕಳೆದುಹೋಗಿ, ಬಾಯಿಗೆ ಬರುವುದು ಬಹುಪಾಲು ಸಕ್ಕರೆ.