ಮೀನಿನ ತೊಟ್ಟಿಯ ಸ್ಟ್ಯಾಂಡು: ನಂಬಿಕೆ ಒಂದು, ಮರದ ಗುಣ ಇನ್ನೊಂದು

"ಕಾಲು ದಪ್ಪ ಇದ್ದರೆ ಸಾಕು, ಆನೆ ನಿಂತರೂ ಅಲ್ಲಾಡಲ್ಲ." ಮನೆಯ ಮೀನಿನ ತೊಟ್ಟಿಗೆ ಮರದ ಸ್ಟ್ಯಾಂಡು ಮಾಡಿಸಲು ಹೊರಟವರಿಗೆ ಮೊದಲು ಸಿಗುವ ಭರವಸೆ ಇದು. ನನಗೂ ಸಿಕ್ಕಿತ್ತು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ. ಅದರಡಿಗೆ ನಾಲ್ಕಿಂಚು ದಪ್ಪದ ನಾಲ್ಕು ಕಾಲು. ನೀರು ತುಂಬಿಸಿದ ದಿನ ಮಗಳು ಗಾಜಿಗೆ ಮೂಗು ಒತ್ತಿ ನೋಡುತ್ತಾ ಸ್ಟ್ಯಾಂಡಿನ ಪಕ್ಕಕ್ಕೆ ಕೈಯೂರಿದಳು. ನೀರಿನ ಮೇಲ್ಮೈ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗತೊಡಗಿತು. ಅವಳು ಕೈ ತೆಗೆದ ಮೇಲೂ ತೂಗುತ್ತಲೇ ಇತ್ತು. ಆ ರಾತ್ರಿಯೇ ಮುಕ್ಕಾಲು ನೀರನ್ನು ಬಕೆಟ್ಟುಗಳಿಗೆ ಬಸಿದುಬಿಟ್ಟೆ.

ಆ ಸ್ಟ್ಯಾಂಡಿನಲ್ಲಿ ಏನು ತಪ್ಪಿತ್ತು? ಮೊದಲು ಭಾರದ ಲೆಕ್ಕ ನೋಡೋಣ. ಒಂದು ಘನ ಅಡಿ ಜಾಗದಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ನಮ್ಮ ತೊಟ್ಟಿ 9 ಘನ ಅಡಿ. ಮೇಲೆ ಎರಡು ಇಂಚು ಬಿಟ್ಟು ತುಂಬಿದರೂ ನೀರೇ 225 ಕೆ.ಜಿ. ಆಗುತ್ತದೆ. ಗಾಜು, ತಳದ ಮರಳು, ಕಲ್ಲು ಎಲ್ಲ ಸೇರಿದರೆ ಒಟ್ಟು 300 ಕೆ.ಜಿ.ಯ ಆಸುಪಾಸು, ಅಂದರೆ ಆರು ಮೂಟೆ ಸಿಮೆಂಟು. ಕೇಳಲು ಭಯವಾಗುತ್ತದೆ, ನಿಜ. ಆದರೆ ನೆಟ್ಟಗೆ ನಿಲ್ಲಿಸಿದ ಮರಕ್ಕೆ ಇದು ದೊಡ್ಡ ಹೊರೆಯಲ್ಲ. ನಾರಿನ ಉದ್ದಕ್ಕೆ ಒತ್ತಿದರೆ, ಚೆನ್ನಾಗಿ ಒಣಗಿದ ಗಟ್ಟಿ ಮರ ಚದರ ಸೆಂಟಿಮೀಟರಿಗೆ ನೂರಾರು ಕಿಲೋ ತಡೆಯುತ್ತದೆ. ಮೂರಿಂಚಿಗೆ ಎರಡಿಂಚಿನ ಸಾಮಾನ್ಯ ಕಾಲಿಗೆ ನಮ್ಮ ತೊಟ್ಟಿಯಿಂದ ಬರುವ ಪಾಲು ಚದರ ಸೆಂಟಿಮೀಟರಿಗೆ ಎರಡು ಕಿಲೋ ಕೂಡ ಇಲ್ಲ.

ಸ್ಟ್ಯಾಂಡನ್ನು ಕೆಡವುವುದು ಪಕ್ಕದ ವಾಲಾಟ. ಬೆಂಕಿಪೊಟ್ಟಣದ ಒಳಗಿನ ಪೆಟ್ಟಿಗೆ ತೆಗೆದು, ಬರೀ ಹೊರಕವಚವನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಪಕ್ಕಕ್ಕೆ ನೂಕಿ ನೋಡಿ. ಓರೆಯಾಗಿ ಮಡಚಿಕೊಳ್ಳುತ್ತದೆ. ಒಳಪೆಟ್ಟಿಗೆ ತೂರಿಸಿ ನೂಕಿ, ಜಗ್ಗುವುದಿಲ್ಲ. ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ ಮಾತ್ರ ಇರುವ ಸ್ಟ್ಯಾಂಡು ಆ ಬರಿಯ ಹೊರಕವಚದಂತೆ. ಕಾಲನ್ನು ಆರಿಂಚು ದಪ್ಪ ಮಾಡಿದರೂ ಮೂಲೆಯ ಕೂಡಿಕೆಗಳ ಮೇಲೆ ಬೀಳುವ ಒತ್ತಡ ತಪ್ಪುವುದಿಲ್ಲ. ಹಿಂಬದಿಗೆ ಒಂದು ಪ್ಲೈವುಡ್ ಹಲಗೆಯನ್ನು ನಾಲ್ಕೂ ಅಂಚಿಗೆ ಅಂಟು ಹಾಕಿ, ಸ್ಕ್ರೂ ಬಿಗಿದು ಕೂರಿಸಿ. ಎರಡು ಪಕ್ಕಕ್ಕೂ ಹಾಗೆಯೇ ಮಾಡಿ. ಹಲಗೆ ಬೇಡವೆಂದರೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೊಡಿ. ತ್ರಿಕೋನ ಆಕಾರ ಬಿಡುವುದಿಲ್ಲ, ಚೌಕ ಆಕಾರ ಬಿಡುತ್ತದೆ. ನಮ್ಮ ಎರಡನೆಯ ಸ್ಟ್ಯಾಂಡು ಕಟ್ಟಿದ ಆಚಾರ್ರು ಮೂಲೆಮಟ್ಟ ಹಿಡಿದು, ಹಿಂಬದಿ ಹಲಗೆ ಬಿಗಿದು, "ಈಗ ನೂಕಿ ನೋಡಿ ಅಕ್ಕಾ" ಅಂದರು. ಎರಡೂ ಕೈ ಕೊಟ್ಟು ನೂಕಿದೆ. ಸ್ಟ್ಯಾಂಡು ಇಡಿಯಾಗಿ ನೆಲದ ಮೇಲೆ ಜಾರಿತೇ ಹೊರತು ಎಲ್ಲೂ ವಾಲಲಿಲ್ಲ. ಅದರ ಕಾಲುಗಳು ಮೂರಿಂಚಿಗೆ ಎರಡಿಂಚಿನವು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ನಂಬಿಕೆ ಇದೆ, ಸ್ಕ್ರೂ ಹೆಚ್ಚಾದಷ್ಟೂ ಗಟ್ಟಿ ಅನ್ನುವುದು. ಮೇಲಿನ ಅಡ್ಡಪಟ್ಟಿಯನ್ನು ಕಾಲಿನ ಪಕ್ಕಕ್ಕೆ ತಾಗಿಸಿ ಎಂಟು ಸ್ಕ್ರೂ ಹೊಡೆದರೆ 300 ಕಿಲೋ ನೇತಾಡುವುದು ಆ ಸ್ಕ್ರೂಗಳ ಮೇಲೆ. ಅದೇ ಪಟ್ಟಿಯನ್ನು ಕಾಲಿನ ತಲೆಯ ಮೇಲೆ ಕೂರಿಸಿದರೆ, ಇಲ್ಲವೇ ಕಾಲಿನಲ್ಲಿ ಉಳಿಯಿಂದ ಕಚ್ಚು ತೆಗೆದು ಅದರೊಳಗೆ ಇಳಿಸಿದರೆ, ಭಾರ ಮರದಿಂದ ಮರಕ್ಕೆ ಇಳಿದು ನೆಲ ಸೇರುತ್ತದೆ. ಮರವನ್ನು ಜಾಗ ಬಿಟ್ಟು ಕದಲದಂತೆ ಹಿಡಿದಿಡುವುದಷ್ಟೇ ಸ್ಕ್ರೂವಿನ ಕೆಲಸ. ತುದಿಗೆ ತೀರಾ ಹತ್ತಿರ ಸಾಲಾಗಿ ಹೊಡೆದ ಸ್ಕ್ರೂಗಳು ಮರವನ್ನೇ ಸೀಳಿಬಿಡುತ್ತವೆ. ಮೊದಲು ಸಣ್ಣ ತೂತು ಕೊರೆದು ಆಮೇಲೆ ಬಿಗಿಯಿರಿ.

ಪಟ್ಟಿಯನ್ನು ಮಲಗಿಸಿ ಹಾಕಿದರೆ ತೊಟ್ಟಿಗೆ ಅಗಲವಾದ ಆಸರೆ ಸಿಗುತ್ತದೆ ಎಂದು ಹಲವರು ಹಾಗೇ ಮಾಡಿಸುತ್ತಾರೆ. ಶಾಲೆಯ ಅಡಿಪಟ್ಟಿಯನ್ನು ಮಲಗಿಸಿ ಬಗ್ಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಿ. ಉತ್ತರ ಕೈಯಲ್ಲೇ ಸಿಗುತ್ತದೆ. ಒಂದೇ ಮರ, ಮೂರಿಂಚಿಗೆ ಎರಡಿಂಚು, ನಿಲ್ಲಿಸಿ ಹಾಕಿದರೆ ಮಲಗಿಸಿದ್ದಕ್ಕಿಂತ ಎರಡೂಕಾಲು ಪಟ್ಟು ಬಿರುಸು. ಪಟ್ಟಿಯ ಎತ್ತರವನ್ನು ಇಮ್ಮಡಿ ಮಾಡಿದರೆ ಎಂಟು ಪಟ್ಟು. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ.

"ತೇಗವೇ ಆಗಬೇಕು" ಅನ್ನುವವರಿದ್ದಾರೆ. ತೇಗ ಉತ್ತಮ ಮರ, ಅನುಮಾನವಿಲ್ಲ. ಅದರ ಎಣ್ಣೆಯ ಅಂಶ ಗೆದ್ದಲನ್ನೂ ತೇವವನ್ನೂ ತಡೆಯುತ್ತದೆ. ಆದರೆ ಹಲಸು, ಮತ್ತಿ, ಹೊನ್ನೆ ಯಾವುದೂ ಈ ಕೆಲಸಕ್ಕೆ ಕಡಿಮೆಯಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ, ಒಣಗಿಸಿ ಸರಿಯಾಗಿ ಪಾಲಿಶ್ ಮಾಡಿದರೆ, ಇಷ್ಟು ಭಾರವನ್ನು ನಿರಾಳವಾಗಿ ಹೊರುತ್ತದೆ. ಹೊನ್ನೆಯ ಬಗ್ಗೆ ಒಂದು ಎಚ್ಚರಿಕೆ: ಆ ಮರದ ಲೋಟದಲ್ಲಿ ನೀರಿಟ್ಟರೆ ಬಣ್ಣ ಬಿಡುವುದನ್ನು ನೋಡಿರುತ್ತೀರಿ, ಪಾಲಿಶ್ ಮಾಡದೆ ಬಿಟ್ಟ ಹೊನ್ನೆ ಕಾಲು ಒದ್ದೆಯಾದರೆ ಬಿಳಿ ಟೈಲ್ಸಿಗೂ ಅದೇ ಬಣ್ಣ ಅಂಟುತ್ತದೆ. ಮರದ ಜಾತಿಗಿಂತ ಹೆಚ್ಚು ಕೇಳಬೇಕಾದ ಪ್ರಶ್ನೆ, ಅದು ಒಣಗಿದೆಯೇ ಅನ್ನುವುದು. ಹಸಿ ಮರ ಒಣಗುವಾಗ ಅಡ್ಡಡ್ಡಲಾಗಿ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಇವತ್ತು ಬಿಗಿಯಾಗಿ ಕೂತ ಕಚ್ಚು ಬೇಸಿಗೆ ಮುಗಿಯುವ ಹೊತ್ತಿಗೆ ಸಡಿಲವಾಗಿರುತ್ತದೆ. ಹಸಿ ತೇಗಕ್ಕಿಂತ ಒಣಗಿದ ಹಲಸು ಸಾವಿರ ಪಾಲು ಮೇಲು.

ಆ ತಿರುಚುವಿಕೆಯೇ ಗಾಜಿನ ನಿಜವಾದ ಶತ್ರು. ಸ್ಟ್ಯಾಂಡಿನ ಮೇಲ್ಭಾಗ ಸ್ವಲ್ಪ ಅಂಕುಡೊಂಕಿದ್ದರೆ ಥರ್ಮಕೋಲ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಥರ್ಮಕೋಲ್ ಬೇಕು. ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವ ತೊಟ್ಟಿಯಾದರೆ ಅದು ಇಲ್ಲದೆ ಇಡಲೇಬಾರದು. ಒಂದು ಮರಳಿನ ಕಾಳು ಅಡಿಯಲ್ಲಿ ಸಿಕ್ಕಿಕೊಂಡರೂ ಅದೊಂದೇ ಜಾಗದಲ್ಲಿ ಒತ್ತಡ ಕೂಡಿ ಗಾಜು ಬಿರಿಯಬಹುದು; ಥರ್ಮಕೋಲ್ ಆ ಕಾಳನ್ನು ತನ್ನೊಳಗೆ ಇಳಿಸಿಕೊಳ್ಳುತ್ತದೆ. ಚೌಕಟ್ಟೇ ತಿರುಚಿದ್ದರೆ ಮಾತ್ರ ಅದು ಏನೂ ಮಾಡಲಾರದು. ನೀರಿನ ಭಾರ ಗಾಜನ್ನೂ ಆ ತಿರುಚಿಗೆ ಎಳೆಯುತ್ತದೆ. ಗಾಜು ಒತ್ತಡ ತಾಳುವಷ್ಟು ಬಾಗನ್ನು ತಾಳುವುದಿಲ್ಲ.

ಇದನ್ನು ಪರೀಕ್ಷಿಸಲು ಎರಡು ದಾರ ಸಾಕು. ಮೇಲಿನ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಒಂದು, ಉಳಿದೆರಡು ಮೂಲೆಗೆ ಇನ್ನೊಂದು ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ. ನಡುವೆ ಎರಡೂ ಹಗುರಾಗಿ ಸೋಕಿಕೊಂಡಿದ್ದರೆ ಚೌಕಟ್ಟು ಸಮವಾಗಿದೆ. ಮಧ್ಯೆ ಸಂದು ಕಂಡರೆ, ಅಥವಾ ಒಂದು ಇನ್ನೊಂದನ್ನು ಒತ್ತಿ ಬಾಗಿಸುತ್ತಿದ್ದರೆ, ತಿರುಚಿದೆ. ಉಜ್ಜುಗೊರಡು ಹಿಡಿದು ಸರಿಮಾಡಿಸಿ.

ರಸಮಟ್ಟದ ಗುಳ್ಳೆ ನಡುವೆ ನಿಲ್ಲಲಿಲ್ಲವೆಂದು ತೊಟ್ಟಿಯ ಒಂದು ಮೂಲೆಗೆ ರಟ್ಟು ತುರುಕುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಡೀ ಸ್ಟ್ಯಾಂಡು ಒಂದು ಕಡೆಗೆ ನಾಲ್ಕೈದು ಮಿಲಿಮೀಟರ್ ತಗ್ಗಿದ್ದರೆ ನೀರಿನ ಗೆರೆ ಓರೆ ಕಾಣುತ್ತದೆ, ಅಷ್ಟೇ. ಮೂಲೆಗೆ ತುರುಕಿದ ರಟ್ಟು ಉಳಿದ ತಳದ ಆಸರೆಯನ್ನೇ ಕಸಿದುಕೊಳ್ಳುತ್ತದೆ. ಸರಿಪಡಿಸುವುದಿದ್ದರೆ ಬೆಣೆ ಇಡಬೇಕಾದದ್ದು ಸ್ಟ್ಯಾಂಡಿನ ಕಾಲಿನಡಿ, ತೊಟ್ಟಿ ಖಾಲಿ ಇರುವಾಗ.

ಪ್ಲೈವುಡ್ ವಿಚಾರಕ್ಕೆ ಬಂದರೆ ಅಂಗಡಿಯಲ್ಲಿ ಎಲ್ಲವೂ "ವಾಟರ್‌ಪ್ರೂಫ್". ಹಲಗೆಯ ಮೇಲಿನ ಮುದ್ರೆ ಓದಿ. ಎಂ.ಆರ್. ಎಂದಿದ್ದರೆ ಗಾಳಿಯ ತೇವ ತಡೆಯುತ್ತದೆ, ಚೆಲ್ಲಿದ ನೀರನ್ನಲ್ಲ. ಐ.ಎಸ್. 710 ಮರೀನ್ ಪ್ಲೈ. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿ ಪರೀಕ್ಷಿಸುತ್ತಾರೆ. ಆದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಪದರಗಳ ನಡುವಿನ ಅಂಟು. ಕತ್ತರಿಸಿದ ಅಂಚಿನಲ್ಲಿ ತೆರೆದುಕೊಂಡ ಮರ ಮರೀನ್ ಪ್ಲೈಯಲ್ಲೂ ನೀರು ಹೀರುತ್ತದೆ, ಆದ್ದರಿಂದ ಅಂಚಿಗೆ ಎರಡು ಕೋಟು ವಾರ್ನಿಷ್ ತಪ್ಪಿಸಬೇಡಿ. ಮರದ ಪುಡಿ ಒತ್ತಿ ಮಾಡಿದ ಬೋರ್ಡು ಬೇಡವೇ ಬೇಡ. ಒಮ್ಮೆ ನೆನೆದರೆ ಬ್ರೆಡ್ಡಿನಂತೆ ಉಬ್ಬುತ್ತದೆ.

ಮೇಲಿನ ಮಹಡಿಯಲ್ಲಿ ತೊಟ್ಟಿ ಇಟ್ಟರೆ ತಾರಸಿ ಕುಸಿಯುತ್ತದೆಂದು ಹೆದರುವವರಿಗೆ ಒಂದು ಮಾತು. ಮನೆಗಳ ಕಾಂಕ್ರೀಟ್ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ಲೆಕ್ಕಹಾಕುತ್ತಾರೆ. ನಮ್ಮ ತೊಟ್ಟಿ ತನ್ನ ಕಾಲಡಿಯ ಅರ್ಧ ಚದರ ಮೀಟರಿನಲ್ಲಿ ಅದಕ್ಕಿಂತ ಹೆಚ್ಚೇ ಹಾಕುತ್ತದೆ. ಆದರೆ ಆ 200 ಕಿಲೋ ಕೋಣೆಯ ಪೂರ್ತಿ ನೆಲ ತುಂಬಿದ ಭಾರದ ಲೆಕ್ಕ. ಗಟ್ಟಿ ತಾರಸಿಯ ಮೇಲೆ, ಗೋಡೆಗೆ ಒತ್ತಿಕೊಂಡಂತೆ, ತೊಲೆ ಹಾದುಹೋಗುವ ಕಡೆ ನಾಲ್ಕಡಿ ತೊಟ್ಟಿ ಇಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆರಡಿ ದಾಟಿದರೆ ಎಂಜಿನಿಯರನ್ನು ಕೇಳಿ. ಮಲೆನಾಡಿನ ಹಳೆಯ ಮನೆಯ ಮರದ ಅಟ್ಟದ ಮೇಲೆ ಮಾತ್ರ ಯಾವ ಅಳತೆಯದನ್ನೂ ಇಡಬೇಡಿ.

ಕೊನೆಯದಾಗಿ ಕಾಲಿನ ಅಡಿ. ಕಣ್ಣಿಗೆ ಕಾಣುವ ಕಡೆಯೆಲ್ಲ ಪಾಲಿಶ್ ಹೊಡೆಸಿ ಅಡಿಯನ್ನು ಹಾಗೇ ಬಿಡುತ್ತೇವೆ. ಸೋರಿಕೆಯಿಂದ ಹಾಳಾಗುವ ಸ್ಟ್ಯಾಂಡಿಗಿಂತ ದಿನಾ ನೆಲ ಒರೆಸುವ ಒದ್ದೆ ಬಟ್ಟೆಯಿಂದ ಹಾಳಾಗುವುದನ್ನೇ ನಾನು ಹೆಚ್ಚು ನೋಡಿದ್ದೇನೆ. ಕಡಿದ ತುದಿಯಲ್ಲಿ ನಾರಿನ ಬಾಯಿ ತೆರೆದಿರುತ್ತದೆ, ನೀರು ಅಲ್ಲಿಂದ ಸಲೀಸಾಗಿ ಮೇಲೇರುತ್ತದೆ. ತೊಟ್ಟಿ ಏರಿಸುವ ಮುಂಚೆಯೇ ಸ್ಟ್ಯಾಂಡನ್ನು ಮಗುಚಿ ಹಾಕಿ, ಆ ನಾಲ್ಕು ತುದಿಗಳಿಗೆ ಹೀರುವಷ್ಟೂ ವಾರ್ನಿಷ್ ಕುಡಿಸಿ, ಒಣಗಿದ ಮೇಲೆ ದಪ್ಪ ರಬ್ಬರ್ ಬುಷ್ ಹಾಕಿ. ನೀರು ತುಂಬಿದ ಮೇಲೆ ಅದನ್ನು ಮಗುಚಲು ಬರುವುದಿಲ್ಲ.